ಕಾವಲು ಹಡಗಿಗೆ ಕಾಗದ ಮುಟ್ಟಿಸಿದ ಬಗೆ: ‘ರೋಡ್ ಐಲೆಂಡ್’ ಹಡಗಿನ ಒಂದು ಸುತ್ತು, 1862

1862ರ ಫೆಬ್ರವರಿ 5ರಿಂದ ಮಾರ್ಚ್ 18ರವರೆಗೆ, ಸುಮಾರು ಆರು ವಾರ, ಅಮೆರಿಕ ನೌಕಾಪಡೆಯ ‘ರೋಡ್ ಐಲೆಂಡ್’ ಹಡಗಿಗೆ ಇದ್ದದ್ದು ಒಂದೇ ಕೆಲಸ. ದಕ್ಷಿಣದ ತೀರದುದ್ದಕ್ಕೂ ಕಾವಲು ನಿಂತಿದ್ದ ತನ್ನದೇ ಪಡೆಯ ಹಡಗುಗಳನ್ನು ಹುಡುಕಿಕೊಂಡು ಹೋಗಿ ಸಾಮಾನು ಮುಟ್ಟಿಸುವುದು. ದಿನಸಿ, ಔಷಧ, ಸಂಬಳ ಬಟವಾಡೆ ಮಾಡುವ ಅಧಿಕಾರಿಗೆ ಬೇಕಾದ ಸರಕು, ಅವುಗಳ ಜೊತೆಗೆ ಟಪಾಲು. ಆ ಒಂದು ಸುತ್ತಿನಲ್ಲಿ ಅದು ಸಾಮಾನು ಕೊಟ್ಟ ಹಡಗುಗಳು 98. ಲೆಕ್ಕ ಹಾಕಿದರೆ ದಿನಕ್ಕೆ ಎರಡಕ್ಕಿಂತ ಜಾಸ್ತಿಯೇ ಆಗುತ್ತದೆ.

ಒಕ್ಕೂಟ ಬಿಟ್ಟುಹೋದ ದಕ್ಷಿಣದ ರಾಜ್ಯಗಳಿಗೂ ಒಕ್ಕೂಟದಲ್ಲೇ ಉಳಿದ ಉತ್ತರಕ್ಕೂ ನಡೆದ ಅಮೆರಿಕದ ಅಂತರ್ಯುದ್ಧದ ಕಥೆ ಹೇಳುವವರು ಈ ಹಡಗಿನ ಹೆಸರು ಎತ್ತುವುದು ಬೇರೆ ಕಾರಣಕ್ಕೆ. ಕಬ್ಬಿಣದ ಕವಚದ ‘ಮಾನಿಟರ್’ ಹಡಗು 1862ರ ಡಿಸೆಂಬರ್ 31ರ ನಸುಕಿನಲ್ಲಿ ಕೇಪ್ ಹ್ಯಾಟರಸ್ ಹತ್ತಿರ ಮುಳುಗಿತಲ್ಲ, ಆಗ ಅದನ್ನು ಹಗ್ಗ ಕಟ್ಟಿ ಎಳೆದೊಯ್ಯುತ್ತಿದ್ದದ್ದು ಇದೇ ‘ರೋಡ್ ಐಲೆಂಡ್’. 16 ಜನ ಸತ್ತರು. ಉಳಿದವರನ್ನು ಬಿರುಗಾಳಿಯಲ್ಲೇ ದೋಣಿ ಇಳಿಸಿ ಕರೆತಂದ ಇದರ ಏಳು ನಾವಿಕರಿಗೆ ಆಮೇಲೆ ಅಮೆರಿಕದ ಅತಿ ದೊಡ್ಡ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಸಿಕ್ಕಿತು. ಆ ಧೈರ್ಯಕ್ಕೆ ತಲೆಬಾಗಲೇಬೇಕು. ಆದರೆ ಯುದ್ಧದ ಒಟ್ಟು ಲೆಕ್ಕದಲ್ಲಿ ನೋಡಿದರೆ, ಈ ಹಡಗು ಮಾಡಿದ ದೊಡ್ಡ ಕೆಲಸ ಆ 98 ಹಡಗುಗಳ ಸುತ್ತು ಎಂದೇ ನನ್ನ ಅಭಿಪ್ರಾಯ. ದಿಗ್ಬಂಧನ, ಅಂದರೆ ಶತ್ರುವಿನ ಬಂದರುಗಳಿಗೆ ಹಡಗು ಹೋಗಿಬರದಂತೆ ಹಾಕಿದ ತಡೆ, ಗಟ್ಟಿಯಾಗಿ ಉಳಿದದ್ದು ತೋಪುಗಳಿಂದ ಎಷ್ಟೋ, ಇಂಥ ಸುತ್ತುಗಳಿಂದಲೂ ಅಷ್ಟೇ. ಈ ಬರಹದಲ್ಲಿ ಆ ಸುತ್ತಿನ ಟಪಾಲಿನ ಪಾಲನ್ನು ಮಾತ್ರ ಬಿಡಿಸಿ ನೋಡುತ್ತೇನೆ. ಏನು ಸರಿಹೋಯಿತು, ಎಲ್ಲಿ ಎಡವಿತು, ಯಾಕೆ ಎಂಬುದನ್ನು.

ಜಾಗ ಬಿಟ್ಟು ಕದಲುವಂತಿಲ್ಲ

ದಕ್ಷಿಣ ಕೆರೊಲಿನಾದ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರ ಗುಂಡು ಬಿದ್ದು ಯುದ್ಧ ಶುರುವಾದದ್ದು 1861ರ ಏಪ್ರಿಲ್ 12ಕ್ಕೆ. ಒಂದೇ ವಾರಕ್ಕೆ, ಏಪ್ರಿಲ್ 19ಕ್ಕೆ, ಅಧ್ಯಕ್ಷ ಲಿಂಕನ್ ಒಕ್ಕೂಟದಿಂದ ಹೊರಹೋದ ಏಳು ರಾಜ್ಯಗಳ ತೀರಕ್ಕೆ ದಿಗ್ಬಂಧನ ಘೋಷಿಸಿದರು. 27ಕ್ಕೆ ಆ ಪಟ್ಟಿಗೆ ವರ್ಜೀನಿಯಾ, ಉತ್ತರ ಕೆರೊಲಿನಾ ಸೇರಿದವು. ಕಾಯಬೇಕಾದ ತೀರ ಸುಮಾರು 3,500 ಮೈಲಿ, ಅಂದರೆ 5,600 ಕಿಲೋಮೀಟರ್. ನೌಕಾಪಡೆಯ ಪಟ್ಟಿಯಲ್ಲಿದ್ದ ಹಡಗುಗಳು ಸುಮಾರು 90. ಅದರಲ್ಲಿ ತಕ್ಷಣ ಕೆಲಸಕ್ಕೆ ಬರುವಂತಿದ್ದವು ಅರ್ಧಕ್ಕಿಂತ ಕಡಿಮೆ. ನೌಕಾ ಕಾರ್ಯದರ್ಶಿ ಗಿಡಿಯನ್ ವೆಲ್ಸ್ ಕೈಗೆ ಸಿಕ್ಕಿದ ವ್ಯಾಪಾರಿ ಹಡಗು, ನದಿ ದಾಟಿಸುವ ಫೆರ್ರಿ ಎಲ್ಲವನ್ನೂ ಕೊಂಡು ತೋಪು ಕೂರಿಸಿದರು. ‘ರೋಡ್ ಐಲೆಂಡ್’ ಕೂಡ ಹಾಗೆ 1861ರಲ್ಲಿ ಕೊಂಡ ಹಡಗೇ. ಎರಡು ಪಕ್ಕದಲ್ಲೂ ದೊಡ್ಡ ಚಕ್ರ ತಿರುಗುವ ಹಬೆ ಹಡಗು ಅದು.

ಇಲ್ಲಿ ಒಂದು ಕಾನೂನಿನ ಮಾತು ಗೊತ್ತಿದ್ದರೆ ಟಪಾಲಿನ ಕಷ್ಟ ಸರಿಯಾಗಿ ಅರ್ಥವಾಗುತ್ತದೆ. 1856ರ ಪ್ಯಾರಿಸ್ ಘೋಷಣೆಯ ಪ್ರಕಾರ, ಬರೀ ಬಾಯಿಮಾತಿನ ದಿಗ್ಬಂಧನಕ್ಕೆ ಬೆಲೆ ಇಲ್ಲ. ಬಂದರಿನ ಮುಂದೆ ಹಡಗು ನಿಜವಾಗಿ ನಿಂತಿರಬೇಕು, ತಡೆಯುವಷ್ಟು ಬಲ ಇರಬೇಕು. ಅಮೆರಿಕ ಆ ಘೋಷಣೆಗೆ ಸಹಿ ಹಾಕಿರಲಿಲ್ಲ. ಆದರೆ ಬ್ರಿಟನ್, ಫ್ರಾನ್ಸ್ ಹಾಕಿದ್ದವು. ಅವು ಈ ದಿಗ್ಬಂಧನವನ್ನು ಒಪ್ಪಿದರೆ ಮಾತ್ರ ಅದಕ್ಕೆ ಅರ್ಥ. ಚಾರ್ಲ್ಸ್‌ಟನ್ ಬಂದರಿನ ಎದುರಿನ ಹಡಗು ನಾಲ್ಕು ದಿನ ಜಾಗ ಖಾಲಿ ಮಾಡಿದರೂ ‘ದಿಗ್ಬಂಧನ ಮುರಿಯಿತು’ ಎನ್ನುವವರು ಕಾಯುತ್ತಿದ್ದರು. ಹಾಗಾಗಿ ಹಡಗು ಕದಲುವಂತಿಲ್ಲ. ಕಲ್ಲಿದ್ದಲು ತೀರಿದಾಗ, ಯಂತ್ರ ಕೆಟ್ಟಾಗ ಹೋಗಲೇಬೇಕು. ಕಾಗದ ತರಲು ಅಂತ ಯಾರನ್ನೂ ಬಿಡುವುದಿಲ್ಲ. ಕಾಗದವೇ ಹಡಗಿದ್ದಲ್ಲಿಗೆ ಬರಬೇಕು.

ಈ ದಿಗ್ಬಂಧನದ ಬಿಸಿ ನಮ್ಮ ನೆಲಕ್ಕೂ ತಾಗಿತ್ತು, ಅದನ್ನೂ ಹೇಳಿಯೇ ಮುಂದೆ ಹೋಗುತ್ತೇನೆ. ಅಮೆರಿಕದ ಹತ್ತಿ ಬರುವುದು ನಿಂತಾಗ ಇಂಗ್ಲೆಂಡಿನ ಲ್ಯಾಂಕಾಶೈರ್ ಮಿಲ್ಲುಗಳ ಕಣ್ಣು ಭಾರತದ ಕಡೆ ತಿರುಗಿತು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೆಳೆಯುತ್ತಿದ್ದರು. ಅದಕ್ಕೆ ‘ಧಾರವಾಡ–ಅಮೆರಿಕನ್’ ಅಂತಲೇ ಹೆಸರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್‌ನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ, ಕಾರವಾರ ಬಂದರಿನಿಂದ ಈ ಹತ್ತಿಯನ್ನು ಸಾಗಿಸುವ ಆಸೆಯೂ ಇತ್ತು. ಕೆರೊಲಿನಾ ತೀರದಲ್ಲಿ ಲಂಗರು ಹಾಕಿ ಕೂತ ಹಡಗು ಕಾರವಾರದ ಆಡಳಿತವನ್ನೇ ಬದಲಿಸುವಷ್ಟು ದೂರ ಕೈಚಾಚಿತ್ತು.

ಊರಿಲ್ಲದ ವಿಳಾಸ

ಅಂಚೆ ಅಂದರೆ ನೆಲದ ವ್ಯವಸ್ಥೆ. ಊರು ಇರಬೇಕು, ಊರಿಗೊಂದು ಕಚೇರಿ ಇರಬೇಕು, ಅಲ್ಲಿಗೆ ಚೀಲ ಹೋಗಬೇಕು. 1861ರ ಜೂನ್‌ಗೆಲ್ಲ ಒಕ್ಕೂಟ ಸರ್ಕಾರ ದಕ್ಷಿಣದ ರಾಜ್ಯಗಳಲ್ಲಿ ತನ್ನ ಅಂಚೆ ಸೇವೆ ನಿಲ್ಲಿಸಿಬಿಟ್ಟಿತು. ಕಾವಲು ಹಡಗುಗಳು ನಿಂತದ್ದು ಅದೇ ತೀರದ ಎದುರಿಗೆ. ಕಣ್ಣಿಗೆ ಕಾಣುವ ಊರಿನಲ್ಲಿ ಅಂಚೆ ಕಚೇರಿ ಇದೆ, ಆದರೆ ಅದು ಶತ್ರುವಿನದ್ದು.

ಹಡಗಿನ ಮೇಲಾದರೂ ಅಂಚೆ ಕಚೇರಿ ಇತ್ತಾ? ಅದೂ ಇಲ್ಲ. ಅಮೆರಿಕದ ಯುದ್ಧನೌಕೆಗಳ ಮೇಲೆ ಅಧಿಕೃತವಾಗಿ ಅಂಚೆ ಗುಮಾಸ್ತರನ್ನು ನೇಮಿಸಲು ಕಾನೂನು ಬಂದದ್ದು 1908ರಲ್ಲಿ. 1862ರಲ್ಲಿ ಟಪಾಲು ಎಂಬುದು ಹಡಗಿನಲ್ಲಿ ಯಾರದ್ದೂ ಪೂರ್ತಿ ಕೆಲಸ ಅಲ್ಲ. ಕಪ್ತಾನ ಯಾರಿಗೆ ಹೇಳುತ್ತಾನೋ ಅವರು ಚೀಲ ಬಿಚ್ಚಬೇಕು, ಹೆಸರು ಕೂಗಬೇಕು, ಹೋಗುವ ಕಾಗದಗಳನ್ನು ಕಟ್ಟಬೇಕು.

ಇದಕ್ಕೆ ಕಂಡುಕೊಂಡ ದಾರಿ ಸರಳವಾಗಿತ್ತು. ಊರಿನ ಬದಲು ಹಡಗಿನ ಹೆಸರೇ ವಿಳಾಸ. ಆ ಕಾಲದ ಲಕೋಟೆ ಒಂದನ್ನು ಕಣ್ಣೆದುರು ತಂದುಕೊಳ್ಳಿ. ಎಡಗಡೆ ಮೂಲೆಯಲ್ಲಿ ಬಾವುಟದ್ದೋ ಹಡಗಿನದ್ದೋ ಬಣ್ಣದ ಚಿತ್ರ; ದೇಶಭಕ್ತಿಯ ಇಂಥ ಲಕೋಟೆಗಳು ಆಗ ಅಂಗಡಿಯಲ್ಲಿ ಚೆನ್ನಾಗಿ ಖರ್ಚಾಗುತ್ತಿದ್ದವು. ಬಲಗಡೆ ಮೇಲೆ ವಾಷಿಂಗ್ಟನ್ ಮುಖದ, ಗುಲಾಬಿ ಬಣ್ಣದ ಮೂರು ಸೆಂಟಿನ ಸ್ಟಾಂಪು. ನಡುವೆ ಕಂದು ತಿರುಗಿದ ಶಾಯಿಯಲ್ಲಿ ನಾವಿಕನ ಹೆಸರು. ಅದರ ಕೆಳಗೆ ‘ಯು.ಎಸ್. ಸ್ಟೀಮರ್ ವಬಾಶ್’. ಅದರ ಕೆಳಗೆ ‘ಸೌತ್ ಅಟ್ಲಾಂಟಿಕ್ ಬ್ಲಾಕೇಡಿಂಗ್ ಸ್ಕ್ವಾಡ್ರನ್’, ಅಂದರೆ ದಕ್ಷಿಣ ಅಟ್ಲಾಂಟಿಕ್ ದಿಗ್ಬಂಧನ ದಳ. ಕೊನೆಯಲ್ಲಿ ‘ಪೋರ್ಟ್ ರಾಯಲ್, ಎಸ್.ಸಿ.’ (ಎಸ್.ಸಿ. ಅಂದರೆ ಸೌತ್ ಕೆರೊಲಿನಾ). ಬೀದಿ ಇಲ್ಲ, ಮನೆ ಇಲ್ಲ. ಹಡಗು, ದಳ, ದಳದ ನೆಲೆ, ಮೂರೇ ಸಾಲು. ಇಷ್ಟರಲ್ಲಿ ಮನುಷ್ಯ ಸಿಗಬೇಕು.

ಸ್ಟಾಂಪಿನ ಕಥೆಯನ್ನೂ ಹೇಳಬೇಕು. ಅರ್ಧ ಔನ್ಸ್ ತೂಕದ ಕಾಗದಕ್ಕೆ ಮೂರು ಸೆಂಟು. ಆಗ ತಾನೇ ಸೇರಿದ, ಕಸುಬು ಗೊತ್ತಿಲ್ಲದ ನಾವಿಕನಿಗೆ ತಿಂಗಳಿಗೆ 12 ಡಾಲರ್ ಸಂಬಳ. ಹಾಗೆ ನೋಡಿದರೆ ಮೂರು ಸೆಂಟು ಹೊರೆಯಲ್ಲ. ಆದರೆ ಹಡಗಿನಲ್ಲಿ ಸ್ಟಾಂಪು ಸಿಗಬೇಕಲ್ಲ! ಸಾಲದ್ದಕ್ಕೆ, ದಕ್ಷಿಣದವರ ಕೈಯಲ್ಲಿ ಉಳಿದ ಹಳೆಯ ಸ್ಟಾಂಪುಗಳು ಹಣವಾಗಿ ತಿರುಗಬಾರದು ಅಂತ ಸರ್ಕಾರ 1861ರ ಆಗಸ್ಟ್‌ನಲ್ಲಿ ಹೊಸ ಸ್ಟಾಂಪು ತಂದು ಹಳೆಯದನ್ನು ರದ್ದು ಮಾಡಲು ಶುರುಮಾಡಿತು. ಊರಲ್ಲಿದ್ದವರು ಕಚೇರಿಗೆ ಹೋಗಿ ಬದಲಿಸಿಕೊಂಡರು. ಸಮುದ್ರದ ಮೇಲಿದ್ದವನು ಎಲ್ಲಿಗೆ ಹೋಗಬೇಕು? ಇದಕ್ಕೆ ಒಂದು ಒಳ್ಳೆಯ ಪರಿಹಾರ ಬಂತು. ಸೈನಿಕರು ಸ್ಟಾಂಪಿಲ್ಲದೆ ಕಾಗದ ಹಾಕಬಹುದು, ಮೂರು ಸೆಂಟನ್ನು ಪಡೆದುಕೊಂಡವರು ಕೊಡಲಿ ಎಂಬ ಕಾನೂನು 1861ರ ಜುಲೈನಲ್ಲಿ ಆಗಿತ್ತು. 1862ರ ಜನವರಿಯಲ್ಲಿ ಅದನ್ನು ನಾವಿಕರಿಗೂ ವಿಸ್ತರಿಸಿದರು. ಅಧಿಕಾರಿಯೊಬ್ಬರು ಲಕೋಟೆಯ ಮೇಲೆ ‘ನೇವಲ್ ಲೆಟರ್’ ಎಂದು ಬರೆದು ಸಹಿ ಮಾಡಿದರೆ ಆಯಿತು. ಊರಿಗೆ ತಲುಪಿದಾಗ ‘ಡ್ಯೂ 3’, ಅಂದರೆ ಮೂರು ಸೆಂಟು ಬಾಕಿ, ಎಂಬ ಠಸ್ಸೆ ಬೀಳುತ್ತಿತ್ತು. ‘ರೋಡ್ ಐಲೆಂಡ್’ ಈ ಸುತ್ತು ಹೊರಟದ್ದು ಅದರ ಮರುತಿಂಗಳೇ.

ಮಾಂಸದ ಜೊತೆ ಬಂದ ಚೀಲ

ಪೂರ್ವ ತೀರಕ್ಕೆ ಮುಖ್ಯ ಕೇಂದ್ರ ನ್ಯೂಯಾರ್ಕ್. ದೇಶದ ಮೂಲೆ ಮೂಲೆಯಿಂದ ನಾವಿಕರ ಕಾಗದಗಳು ಅಲ್ಲಿಗೆ ಬಂದು ಸೇರುತ್ತಿದ್ದವು. ಅಲ್ಲಿಂದ ಮುಂದೆ ಅಂಚೆ ಇಲಾಖೆಯ ಕೈ ಸಡಿಲ, ನೌಕಾಪಡೆಯ ಕೈ ಬಿಗಿ. ‘ರೋಡ್ ಐಲೆಂಡ್’, ‘ಕನೆಕ್ಟಿಕಟ್’ನಂಥ ಸರಬರಾಜು ಹಡಗುಗಳು ಚೀಲ ಹೊತ್ತು ಹೊರಡುತ್ತಿದ್ದವು. ನಾವಿಕರ ಬಾಯಲ್ಲಿ ಇವಕ್ಕೆ ‘ಬೀಫ್ ಬೋಟ್’ ಅಂತ ಹೆಸರು, ಅಂದರೆ ದನದ ಮಾಂಸದ ದೋಣಿ. ಮಂಜುಗಡ್ಡೆಯಲ್ಲಿಟ್ಟ ಹಸಿ ಮಾಂಸ, ಆಲೂಗೆಡ್ಡೆ, ಈರುಳ್ಳಿ ಇವುಗಳಲ್ಲೇ ಬರುತ್ತಿದ್ದದ್ದು. ತಿಂಗಳುಗಟ್ಟಲೆ ಉಪ್ಪು ಹಾಕಿದ ಮಾಂಸ, ಗಟ್ಟಿ ಬಿಸ್ಕತ್ತು ತಿಂದವರಿಗೆ ಅದು ಹಬ್ಬ.

ಟಪಾಲನ್ನು ಮಾಂಸಕ್ಕೆ ಕಟ್ಟಿದ್ದು ಈ ಪ್ರಕರಣದಲ್ಲಿ ನೌಕಾಪಡೆ ಮಾಡಿದ ಅತಿ ಜಾಣ ಕೆಲಸ ಅನ್ನಿಸುತ್ತದೆ ನನಗೆ. ಬರೀ ಕಾಗದಕ್ಕೆ ಅಂತ ಹಡಗು ಕೇಳಿದ್ದರೆ ಯಾರೂ ಕೊಡುತ್ತಿರಲಿಲ್ಲ. ಒಂದೊಂದು ಹಬೆ ಹಡಗೂ ಕಾವಲಿಗೆ ಬೇಕಾಗಿದ್ದ ಕಾಲ ಅದು. ಊಟ ಮಾತ್ರ ತಪ್ಪಿಸುವಂತಿಲ್ಲ. ಊಟ ಹೋಗುವ ಕಡೆಗೆಲ್ಲ ಕಾಗದ ಹೋಯಿತು. ಮಾಂಸ ಕೆಡುತ್ತದೆ ಎಂಬ ಅವಸರ ಕಾಗದಕ್ಕೂ ಸಿಕ್ಕಿತು.

1861ರ ನವೆಂಬರ್ 7ಕ್ಕೆ ಸ್ಯಾಮ್ಯುಯೆಲ್ ಡು ಪಾಂಟ್ ನಾಯಕತ್ವದ ದಳ ದಕ್ಷಿಣ ಕೆರೊಲಿನಾದ ಪೋರ್ಟ್ ರಾಯಲ್ ಗೆದ್ದ ಮೇಲೆ ಕೆಲಸ ಸುಲಭವಾಯಿತು. ಚಾರ್ಲ್ಸ್‌ಟನ್ ಮತ್ತು ಸವಾನಾ ಎರಡರ ನಡುವೆ ಒಂದು ಆಳವಾದ ಕೊಲ್ಲಿ ಕೈಗೆ ಬಂತು. ಕಲ್ಲಿದ್ದಲಿನ ಗುಡ್ಡೆ, ರಿಪೇರಿ ಜಾಗ, ಆಸ್ಪತ್ರೆ, ಕೊನೆಗೆ ಒಕ್ಕೂಟದ ಅಂಚೆ ಕಚೇರಿಯೂ ಅಲ್ಲಿ ಬಂತು. ‘ಪೋರ್ಟ್ ರಾಯಲ್, ಎಸ್.ಸಿ.’ ಎಂಬ ಠಸ್ಸೆ ಬಿದ್ದ ಲಕೋಟೆಗಳು ಸಂಗ್ರಹಕಾರರಿಗೆ ಈಗಲೂ ಬಲು ಇಷ್ಟ. ಶತ್ರು ರಾಜ್ಯದ ಹೆಸರು, ಒಕ್ಕೂಟದ ಮುದ್ರೆ, ಎರಡೂ ಒಂದೇ ವೃತ್ತದಲ್ಲಿ. ಸೈನ್ಯ ಬಾಡಿಗೆಗೆ ಹಿಡಿದ ‘ಅರಾಗೊ’, ‘ಫುಲ್ಟನ್’ ಎಂಬ ದೊಡ್ಡ ಹಡಗುಗಳು ನ್ಯೂಯಾರ್ಕ್‌ನಿಂದ ಅಲ್ಲಿಗೆ ಸುಮಾರು ಮೂರು ದಿನದಲ್ಲಿ ಬರುತ್ತಿದ್ದವು. ಅಲ್ಲಿಂದ ಮುಂದೆ ಯಾವ ಹಡಗು ಕಲ್ಲಿದ್ದಲು ತುಂಬಿಕೊಂಡು ಕಾವಲಿಗೆ ಮರಳುತ್ತದೋ ಅದೇ ಪಕ್ಕದ ಹಡಗಿನ ಚೀಲವನ್ನೂ ಹೊರುತ್ತಿತ್ತು. ನಮ್ಮ ಹಳ್ಳಿ ಬಸ್ಸಿನ ಡ್ರೈವರ್ ಕೈಗೆ ಮುಂದಿನ ಊರಿನ ಪೊಟ್ಟಣ ಕೊಟ್ಟು ಕಳಿಸುತ್ತೇವಲ್ಲ, ಆ ಥರ.

ಹೊಗೆ ಕಂಡಾಗ

ಕಾವಲು ಹಡಗಿನ ಜೀವನ ಯಾವ ಪುಸ್ತಕದಲ್ಲಿ ಓದಿದರೂ ಒಂದೇ ದೂರು: ಬೇಸರ. ಹಗಲು ದಡದಿಂದ ದೂರ, ರಾತ್ರಿ ಬಂದರಿನ ಬಾಯಿಗೆ ಹತ್ತಿರ. ದೀಪ ಹಚ್ಚುವಂತಿಲ್ಲ. ದಿಗ್ಬಂಧನ ತಪ್ಪಿಸಿ ಬಂದರಿಗೆ ನುಗ್ಗುವ ಕಳ್ಳ ಹಡಗು ಬರುತ್ತದೋ ಇಲ್ಲವೋ ಅಂತ ಕಣ್ಣು ನೆಟ್ಟು ಕೂರಬೇಕು. ಬಂದರೆ ಅರ್ಧ ಗಂಟೆಯ ಗಲಾಟೆ. ಬರದಿದ್ದರೆ ಮತ್ತೆ ನಾಳೆ ಅದೇ. ಇದರ ಮೇಲೆ 1862ರ ಸೆಪ್ಟೆಂಬರ್ 1ರಿಂದ ದಿನದ ಮದ್ಯದ ಪಡಿಯನ್ನೂ ನಿಲ್ಲಿಸಿದರು. ಬದಲಿಗೆ ದಿನಕ್ಕೆ ಐದು ಸೆಂಟು ಕೊಟ್ಟರು.

ಇಂಥ ಹಡಗಿನ ಮೇಲೆ ಉತ್ತರದ ಕಡೆ ಹೊಗೆ ಕಂಡಿತು ಅಂದರೆ ಎಲ್ಲರೂ ಒಂದೇ ಪಕ್ಕಕ್ಕೆ ಬರುತ್ತಿದ್ದರು. ಸರಬರಾಜು ಹಡಗು ಹತ್ತಿರ ಬಂದು ನಿಲ್ಲುತ್ತದೆ. ಇಲ್ಲಿಂದ ದೋಣಿ ಇಳಿಯುತ್ತದೆ. ಅಲೆ ಜೋರಿದ್ದರೆ ಅದೇ ಒಂದು ಸಾಹಸ. ಮಾಂಸ, ತರಕಾರಿ ಮೂಟೆಗಳ ಮಧ್ಯೆ ಟಪಾಲಿನ ಚೀಲವನ್ನು ಒದ್ದೆಯಾಗದಂತೆ ತರಬೇಕು. ಚೀಲ ಮೇಲೆ ಬಂದ ಮೇಲೆ ಹೆಸರು ಕೂಗುವ ಕೆಲಸ. ಹೆಸರು ಕೂಗಿಸಿಕೊಂಡವರು ಮೂಲೆ ಹುಡುಕುತ್ತಾರೆ. ಕೂಗಿಸಿಕೊಳ್ಳದವರು ಪತ್ರಿಕೆಗಳ ಕಟ್ಟಿಗೆ ಕೈಹಾಕುತ್ತಾರೆ. ತಮ್ಮದೇ ಯುದ್ಧದ ಸುದ್ದಿ ಅವರಿಗೆ ಗೊತ್ತಾಗುತ್ತಿದ್ದದ್ದು ವಾರಗಟ್ಟಲೆ ಹಳೆಯದಾದ ನ್ಯೂಯಾರ್ಕ್ ಪತ್ರಿಕೆಗಳಿಂದಲೇ.

ಆದರೆ ನಿಜವಾದ ಕಷ್ಟ ಉತ್ತರ ಬರೆಯುವುದರಲ್ಲಿತ್ತು. ಸರಬರಾಜು ಹಡಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆರು ವಾರದಲ್ಲಿ 98 ಹಡಗು ಮುಟ್ಟಬೇಕಾದರೆ ಒಂದೊಂದಕ್ಕೂ ಕೆಲವೇ ಗಂಟೆ. ಈಗ ಬಂದ ಕಾಗದ ಓದಿ, ಈಗಲೇ ಉತ್ತರ ಬರೆದು, ಅದೇ ದೋಣಿಗೆ ಹಾಕಲು ಎಷ್ಟು ಜನಕ್ಕೆ ಆದೀತು? ಹಾಗಾಗಿ ನಾವಿಕರು ಬೇರೆ ಪದ್ಧತಿ ಹಿಡಿದರು. ದಿನಾ ಒಂದಿಷ್ಟು ಬರೆಯುವುದು. ಇವತ್ತು ಹತ್ತು ಸಾಲು, ನಾಳೆ ಐದು ಸಾಲು. ಯಾವ ಹಡಗು ಉತ್ತರಕ್ಕೆ ಹೊರಟರೂ ಅವತ್ತಿನವರೆಗೆ ಬರೆದದ್ದನ್ನು ಮಡಚಿ ಕೊಟ್ಟುಬಿಡುವುದು. ಡು ಪಾಂಟ್ ಹೆಂಡತಿ ಸೋಫಿಗೆ ಬರೆದದ್ದು ಹೀಗೇ, ದಿನಚರಿಯಂಥ ಕಾಗದಗಳನ್ನು. ‘ಮಾನಿಟರ್’ನ ಸಂಬಳದ ಅಧಿಕಾರಿ ವಿಲಿಯಂ ಕೀಲರ್ ಹೆಂಡತಿ ಆನಾಗೆ ಬರೆದವೂ ಉದ್ದುದ್ದ ಕಾಗದಗಳೇ. ಇವತ್ತು ಇತಿಹಾಸಕಾರರು ದಿನ ದಿನದ ವಿವರಕ್ಕೆ ಈ ಕಾಗದಗಳನ್ನು ನೆಚ್ಚಿಕೊಂಡಿದ್ದಾರೆ. ಆ ವಿವರ ಉಳಿದದ್ದರಲ್ಲಿ ಟಪಾಲು ಯಾವಾಗ ಬರುತ್ತದೆಂದು ಗೊತ್ತಿಲ್ಲದ ಆ ಸ್ಥಿತಿಗೂ ಪಾಲಿದೆ. ದಿನಾ ಸಂಜೆ ಟಪಾಲು ಬರುತ್ತಿದ್ದರೆ ‘ನಾನು ಕ್ಷೇಮ, ನೀನು ಕ್ಷೇಮವಾ’ ಅಂತ ಎರಡು ಸಾಲಿಗೆ ಮುಗಿಯುತ್ತಿತ್ತೇನೋ.

ಇಲ್ಲಿ ಇನ್ನೊಬ್ಬ ಮನುಷ್ಯನ ಬಗ್ಗೆ ಹೇಳದೆ ಇರಲಾರೆ. ವಿಲಿಯಂ ಬಿ. ಗೂಲ್ಡ್. ಉತ್ತರ ಕೆರೊಲಿನಾದ ವಿಲ್ಮಿಂಗ್ಟನ್‌ನಲ್ಲಿ ಗುಲಾಮನಾಗಿದ್ದ, ಗೋಡೆಗೆ ಗಾರೆ ಮಾಡುವ ಕಸುಬುದಾರ. ಅಲ್ಲಿನ ಬೆಲ್ಲಮಿ ಎಂಬ ಬಂಗಲೆಯ ಗಾರೆಯಲ್ಲಿ ಅವನು ಕೊರೆದ ಹೆಸರಿನ ಮೊದಲಕ್ಷರಗಳು ಈಗಲೂ ಇವೆ. 1862ರ ಸೆಪ್ಟೆಂಬರ್ 21ರ ರಾತ್ರಿ ಏಳು ಜನರ ಜೊತೆ ದೋಣಿ ಹತ್ತಿ, ಕೇಪ್ ಫಿಯರ್ ನದಿಯಲ್ಲಿ ಇಳಿದು, ಮರುದಿನ ಸಮುದ್ರದಲ್ಲಿ ಕಾವಲಿದ್ದ ‘ಕೇಂಬ್ರಿಜ್’ ಹಡಗನ್ನು ಸೇರಿಕೊಂಡ. ಅದೇ ಹಡಗಿನಲ್ಲಿ ನಾವಿಕನಾದ. ಆ ತಿಂಗಳೇ ದಿನಚರಿ ಬರೆಯಲು ಶುರುಮಾಡಿದ. ಆ ದಿನಚರಿಯಲ್ಲಿ ಯಾರಿಂದ ಕಾಗದ ಬಂತು, ಯಾರಿಗೆ ಬರೆದೆ ಎಂಬುದನ್ನು ಶ್ರದ್ಧೆಯಿಂದ ಗುರುತು ಹಾಕಿಕೊಂಡಿದ್ದಾನೆ. ದಕ್ಷಿಣದಲ್ಲಿ ಗುಲಾಮರಿಗೆ ಓದು ಬರಹ ಕಲಿಸುವುದನ್ನೇ ಕಾನೂನು ತಡೆದಿತ್ತು. ಅಂಥವನ ಹೆಸರನ್ನು ಈಗ ಹಡಗಿನ ಮೇಲೆ ಎಲ್ಲರೆದುರು ಕೂಗುತ್ತಾರೆ, ಅವನ ಕೈಗೆ ಅವನದೇ ಕಾಗದ ಕೊಡುತ್ತಾರೆ. ಅವನು ಬರೆಯುತ್ತಿದ್ದವರಲ್ಲಿ ಒಬ್ಬಳು ಕೊರ್ನೀಲಿಯಾ ರೀಡ್. ಯುದ್ಧ ಮುಗಿದ ವರ್ಷವೇ, 1865ರಲ್ಲಿ, ನ್ಯಾಂಟಕೆಟ್‌ನಲ್ಲಿ ಇಬ್ಬರೂ ಮದುವೆಯಾದರು. ದಿಗ್ಬಂಧನದ ಟಪಾಲಿನಿಂದ ಏನಾಯಿತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಗೂಲ್ಡ್ ಹೆಸರನ್ನೇ.

ಎಲ್ಲಿ ಎಡವಿತು

ಹಡಗಿನ ಹೆಸರೇ ವಿಳಾಸ ಅಂದಾಗ, ಹಡಗು ಇದ್ದಲ್ಲೇ ಇರುತ್ತದೆ ಅಂತ ನಂಬಿದ ಹಾಗೆ. ‘ರೋಡ್ ಐಲೆಂಡ್’ ಸುತ್ತು ಹೊಡೆದ ಅದೇ ಆರು ವಾರದಲ್ಲಿ ಈ ನಂಬಿಕೆ ಮೂರು ಕಡೆ ಅಲುಗಾಡಿತು.

ಮೊದಲನೆಯದು ಕೊಲ್ಲಿಯಲ್ಲಿ. ಮೆಕ್ಸಿಕೊ ಕೊಲ್ಲಿಗೆ ಮೊದಲು ಇದ್ದದ್ದು ಒಂದೇ ದಳ. 1862ರ ಜನವರಿ 20ರ ಆದೇಶದಿಂದ ಅದು ಎರಡಾಯಿತು. ಪೂರ್ವ ಕೊಲ್ಲಿ ದಳ ವಿಲಿಯಂ ಮೆಕೀನ್‌ಗೆ, ಪಶ್ಚಿಮ ಕೊಲ್ಲಿ ದಳ ಡೇವಿಡ್ ಫ್ಯಾರಗಟ್‌ಗೆ. ಫ್ಯಾರಗಟ್ ಫೆಬ್ರವರಿಯಲ್ಲಿ ಶಿಪ್ ಐಲೆಂಡಿಗೆ ಬಂದು ನ್ಯೂ ಆರ್ಲಿಯನ್ಸ್ ಮೇಲೆ ಹೋಗಲು ಹಡಗು ಕೂಡಿಸತೊಡಗಿದರು. ಇತ್ತ ಮನೆಯವರ ಕೈಯಲ್ಲಿ ಇನ್ನೂ ಹಳೆಯ ದಳದ ಹೆಸರು. ದಳ ಬದಲಾಯಿತು ಎಂಬ ಸುದ್ದಿ ಹೇಳುವ ಕಾಗದ ಊರಿಗೆ ಮುಟ್ಟುವವರೆಗೂ ತಪ್ಪು ವಿಳಾಸದ ಕಾಗದಗಳು ಬರುತ್ತಲೇ ಇರಬೇಕು. ಬೇರೆ ದಾರಿ ಇಲ್ಲ.

ಎರಡನೆಯದು ಫ್ಲಾರಿಡಾದಲ್ಲಿ. ಮಾರ್ಚ್ ಮೊದಲ ವಾರ ಡು ಪಾಂಟ್ ತಮ್ಮ ದಳದ ದೊಡ್ಡ ಭಾಗವನ್ನು ಕರೆದುಕೊಂಡು ದಕ್ಷಿಣಕ್ಕೆ ಇಳಿದರು. ಫರ್ನಾಂಡಿನಾ, ಸೇಂಟ್ ಆಗಸ್ಟೀನ್, ಜಾಕ್ಸನ್‌ವಿಲ್ ಒಂದಾದ ಮೇಲೊಂದು ಕೈಸೇರಿದವು. ಯುದ್ಧದ ದೃಷ್ಟಿಯಿಂದ ದೊಡ್ಡ ಗೆಲುವು. ಟಪಾಲಿನ ದೃಷ್ಟಿಯಿಂದ ಮಾತ್ರ, ಪೋರ್ಟ್ ರಾಯಲ್‌ಗೆ ಬಂದ ಚೀಲದ ಒಡೆಯರು ಇನ್ನೂರು ಕಿಲೋಮೀಟರಿಗೂ ಆಚೆ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಮಾರ್ಚ್ 8ಕ್ಕೆ ವರ್ಜೀನಿಯಾ ತೀರದ ಹ್ಯಾಂಪ್ಟನ್ ರೋಡ್ಸ್‌ನಲ್ಲಿ ದಕ್ಷಿಣದವರ ಕಬ್ಬಿಣದ ಕವಚದ ‘ವರ್ಜೀನಿಯಾ’ ಒಂದೇ ಮಧ್ಯಾಹ್ನದಲ್ಲಿ ‘ಕಂಬರ್ಲೆಂಡ್’ ಹಡಗನ್ನು ಮುಳುಗಿಸಿತು, ‘ಕಾಂಗ್ರೆಸ್’ ಹಡಗನ್ನು ಸುಟ್ಟಿತು. ಎರಡರಲ್ಲೂ ಸೇರಿ ಇನ್ನೂರಕ್ಕಿಂತ ಜಾಸ್ತಿ ಜನ ಸತ್ತರು. ಬದುಕಿದವರನ್ನು ಬೇರೆ ಬೇರೆ ಕಡೆ ಹಂಚಿದರು. ಊರು ಸುಟ್ಟರೂ ಊರಿನ ಹೆಸರು ಉಳಿಯುತ್ತದೆ. ಹಡಗು ಮುಳುಗಿದರೆ ವಿಳಾಸವೇ ಮುಳುಗಿತು. ಆ ಹೊತ್ತಿಗೆ ದಾರಿಯಲ್ಲಿದ್ದ ಕಾಗದಗಳ ಮೇಲೆ ಅದೇ ಹೆಸರು ಇತ್ತು.

ಇದರ ಮೇಲೆ ದೂರದ ಕಾಟ. ನ್ಯೂಯಾರ್ಕ್‌ನಿಂದ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ಗೆ ಫ್ಲಾರಿಡಾವನ್ನು ಸುತ್ತು ಹಾಕಿಕೊಂಡು ಹೋಗಬೇಕು. ಸರಬರಾಜು ಹಡಗಿನ ದಾರಿಯಲ್ಲಿ ಕೊನೆಯಲ್ಲಿ ನಿಂತವರಿಗೆ ಎಲ್ಲವೂ ಕೊನೆಗೆ. ಮಂಜುಗಡ್ಡೆ ಕರಗಿ ಮಾಂಸ ಮುಂಚಿನವರಿಗೇ ಮುಗಿದಿರುತ್ತದೆ. ದಾರಿಯಲ್ಲಿ ಕಳ್ಳ ಹಡಗು ಕಂಡರೆ ಅದನ್ನೂ ಬೆನ್ನಟ್ಟಬೇಕು. 1861ರ ಡಿಸೆಂಬರ್ 26ಕ್ಕೆ ಟೆಕ್ಸಾಸ್ ಕಡೆ ‘ರೋಡ್ ಐಲೆಂಡ್’ ‘ವೀನಸ್’ ಎಂಬ ಹಾಯಿ ಹಡಗನ್ನು ಹಿಡಿದಿತ್ತು. ಹಿಡಿದ ಸರಕಿನ ಬೆಲೆಯಲ್ಲಿ ನಾವಿಕರಿಗೆ ಪಾಲಿತ್ತು, ಹಾಗಾಗಿ ಯಾರೂ ಬೇಡ ಅನ್ನುವುದಿಲ್ಲ. ಆದರೆ ಬೆನ್ನಟ್ಟುವ ಹೊತ್ತಿಗೆಲ್ಲ ಟಪಾಲೂ ಅದರ ಜೊತೆ ಓಡುತ್ತಿತ್ತು ಅಲ್ವಾ? ಕೊಲ್ಲಿಯಷ್ಟು ದೂರದ ಕಾವಲನ್ನು ಪೂರ್ವ ತೀರದ ಬಾಲಕ್ಕೆ ಕಟ್ಟಿದ್ದು ತಪ್ಪು ಲೆಕ್ಕ ಎಂದೇ ನನ್ನ ತೀರ್ಮಾನ. ಆ ವರ್ಷ ಏಪ್ರಿಲ್ ಕೊನೆಗೆ ನ್ಯೂ ಆರ್ಲಿಯನ್ಸ್ ಕೈಗೆ ಬಂದ ಮೇಲೆ ಅಲ್ಲಿ ಒಂದು ಗಟ್ಟಿ ನೆಲೆ ಸಿಕ್ಕಿತು. 1863ರಿಂದ ‘ಬರ್ಮ್ಯುಡಾ’ ಎಂಬ ಹಡಗು ಫಿಲಡೆಲ್ಫಿಯಾದಿಂದ ಕೊಲ್ಲಿಗೆ ಸಾಮಾನು ಹೊತ್ತು ತಿರುಗಿತು. ಈ ‘ಬರ್ಮ್ಯುಡಾ’ ಮೊದಲು ದಿಗ್ಬಂಧನ ಮುರಿಯುತ್ತಿದ್ದ ಬ್ರಿಟಿಷ್ ಹಡಗು; 1862ರ ಏಪ್ರಿಲ್‌ನಲ್ಲಿ ಸಿಕ್ಕಿಬಿದ್ದಿತ್ತು.

ಸರ್ಕಾರಿ ಕಾಗದಗಳಿಗೂ ಇದೇ ಗತಿ. 1861ರ ಅಕ್ಟೋಬರ್ 24ಕ್ಕೆ ತಂತಿ ಸಾಲು ದೇಶದ ಅಡ್ಡಗಲಕ್ಕೂ ಮುಟ್ಟಿತ್ತು; ವಾಷಿಂಗ್ಟನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ತಂತಿ ಕಳಿಸಬಹುದಿತ್ತು. ಪೋರ್ಟ್ ರಾಯಲ್‌ನಲ್ಲಿದ್ದ ಡು ಪಾಂಟ್‌ಗೆ ಒಂದು ಆದೇಶ ಮುಟ್ಟಬೇಕಾದರೆ ಮಾತ್ರ ಹಡಗೇ ಬರಬೇಕು. ವೆಲ್ಸ್ ಬರೆದ ಆದೇಶ, ನಾವಿಕನ ತಾಯಿ ಬರೆದ ಕಾಗದ, ಎರಡೂ ಅಕ್ಕಪಕ್ಕದ ಚೀಲದಲ್ಲಿ. ಟಪಾಲು ತಡವಾಯಿತು ಅಂದರೆ ಬರೀ ಮನಸ್ಸಿಗೆ ಬೇಸರ ಅಂತಲ್ಲ, ಯುದ್ಧದ ಹಿಡಿತವೇ ಅಷ್ಟು ದಿನ ಸಡಿಲ.

ಎದುರಾಳಿಯ ಕಾಗದ

ಈ ಹಡಗುಗಳ ಪಕ್ಕದಲ್ಲೇ, ಕತ್ತಲಲ್ಲಿ, ಇನ್ನೊಂದು ಟಪಾಲು ಓಡಾಡುತ್ತಿತ್ತು. ಯೂರೋಪಿನಿಂದ ದಕ್ಷಿಣಕ್ಕೆ ಬರೆದ ಕಾಗದ ಬಹಾಮಾದ ನಸಾವ್‌ಗೋ ಬರ್ಮ್ಯುಡಾ ದ್ವೀಪಕ್ಕೋ ಬಂದು, ಅಲ್ಲಿಂದ ಕಳ್ಳ ಹಡಗಿನಲ್ಲಿ ವಿಲ್ಮಿಂಗ್ಟನ್‌ಗೋ ಚಾರ್ಲ್ಸ್‌ಟನ್‌ಗೋ ಸೇರುತ್ತಿತ್ತು. ದಕ್ಷಿಣದ ಅಂಚೆ ಅದಕ್ಕೆ ಒಳನಾಡಿನ ದರದ 10 ಸೆಂಟು, ಹಡಗಿನ ಕಪ್ತಾನನಿಗೆ 2 ಸೆಂಟು, ಒಟ್ಟು 12 ಸೆಂಟು ಹಾಕುತ್ತಿತ್ತು. ನಸಾವ್‌ನಿಂದ ವಿಲ್ಮಿಂಗ್ಟನ್‌ಗೆ ಸುಮಾರು ಮೂರು ದಿನ. ನ್ಯೂಯಾರ್ಕ್‌ನಿಂದ ಪೋರ್ಟ್ ರಾಯಲ್‌ಗೂ ಹೆಚ್ಚುಕಡಿಮೆ ಅಷ್ಟೇ.

ಕಳ್ಳ ಹಡಗು ಸಿಕ್ಕಿಬಿದ್ದರೆ ಅದರ ಚೀಲ ಕಾವಲುಗಾರರ ಕೈಗೆ. ಅದನ್ನು ಒಡೆಯಬಹುದಾ? ಇದು ದೊಡ್ಡ ಜಗಳವಾಯಿತು. ಬ್ರಿಟನ್‌ನ ‘ಪೀಟರ್‌ಹಾಫ್’ ಹಡಗನ್ನು 1863ರ ಫೆಬ್ರವರಿಯಲ್ಲಿ ‘ವ್ಯಾಂಡರ್‌ಬಿಲ್ಟ್’ ಹಿಡಿದಾಗ ಅದರಲ್ಲಿ ಅಂಚೆ ಚೀಲ ಇತ್ತು. ಒಡೆಯದೆ ವಾಪಸ್ ಕೊಡಬೇಕು ಅಂತ ವಿದೇಶಾಂಗ ಕಾರ್ಯದರ್ಶಿ ಸೀವರ್ಡ್. ಕಾಗದಗಳೇ ಸಾಕ್ಷಿ, ಅವು ನ್ಯಾಯಾಲಯಕ್ಕೆ ಹೋಗಬೇಕು ಅಂತ ವೆಲ್ಸ್. ವಿಷಯ ಲಿಂಕನ್ ಮುಂದೆ ಹೋಯಿತು. ಕೊನೆಗೆ ಚೀಲ ಒಡೆಯದೆ ಬ್ರಿಟನ್ನಿನವರ ಕೈ ಸೇರಿತು. ವೆಲ್ಸ್‌ಗೆ ಸಿಟ್ಟು ಆರಲಿಲ್ಲ. ಕಾನೂನಿನ ವಾದದಲ್ಲಿ ಅವರ ಕಡೆಯೂ ಹುರುಳಿತ್ತು, ಆದರೆ ಬ್ರಿಟನ್ ಜೊತೆ ಯುದ್ಧ ಎಳೆದುಕೊಳ್ಳುವ ಹೊತ್ತು ಅದಾಗಿರಲಿಲ್ಲ. ಸೀವರ್ಡ್ ಮಾಡಿದ್ದೇ ಸರಿ ಅನ್ನಿಸುತ್ತದೆ ನನಗೆ.

ಲಕೋಟೆ ಕಣ್ಣಿಗೆ ಬಿದ್ದರೆ

ಮ್ಯೂಸಿಯಂ ತಾಣಗಳಲ್ಲೋ ಹರಾಜಿನ ಪಟ್ಟಿಯಲ್ಲೋ ಇಂಥ ಲಕೋಟೆ ಕಂಡಾಗ ಬರೀ ಸ್ಟಾಂಪು ನೋಡಿ ಮುಂದೆ ಹೋಗಬೇಡಿ. ಹಡಗಿನದೇ ಅಂಚೆ ಮುದ್ರೆ ಅದರ ಮೇಲೆ ಹುಡುಕಿದರೆ ಸಿಗುವುದಿಲ್ಲ, ಅಂಥದ್ದು 1908ರ ನಂತರದ ಮಾತು. ಹಡಗಿನಿಂದ ಊರಿಗೆ ಬಂದ ಕಾಗದಕ್ಕೆ ಮುದ್ರೆ ಬಿದ್ದದ್ದು ದಡ ಮುಟ್ಟಿದ ಮೇಲೆ, ನ್ಯೂಯಾರ್ಕ್‌ನಲ್ಲೋ ಪೋರ್ಟ್ ರಾಯಲ್‌ನಲ್ಲೋ ಹ್ಯಾಂಪ್ಟನ್ ರೋಡ್ಸ್ ಪಕ್ಕದ ಓಲ್ಡ್ ಪಾಯಿಂಟ್ ಕಂಫರ್ಟ್‌ನಲ್ಲೋ. ಹಾಗಾಗಿ ಮುದ್ರೆಯ ತಾರೀಕು ಬರೆದ ತಾರೀಕಲ್ಲ. ಒಳಗೆ ಕಾಗದ ಉಳಿದಿದ್ದರೆ ಅದರ ಮೊದಲ ಸಾಲಿನ ತಾರೀಕನ್ನೂ ಹೊರಗಿನ ಮುದ್ರೆಯನ್ನೂ ಹೋಲಿಸಿ. ನಡುವಿನ ದಿನಗಳೇ ಆ ಕಾಗದ ಚೀಲಕ್ಕಾಗಿ ಕಾದ ಮತ್ತು ಸಮುದ್ರದಲ್ಲಿ ಕಳೆದ ಕಾಲ. ‘ಡ್ಯೂ 3’ ಇದ್ದರೆ ಪಕ್ಕದಲ್ಲಿ ಅಧಿಕಾರಿಯ ಸಹಿ ಹುಡುಕಿ. ಆ ಸಹಿಯಿಂದ ಎಷ್ಟೋ ಸಲ ಹಡಗು ಯಾವುದೆಂದು ಗೊತ್ತಾಗುತ್ತದೆ. ಮೊದಲ ವಿಳಾಸದ ಮೇಲೆ ಗೀಟು ಹಾಕಿ ಬೇರೆ ಹಡಗಿನ ಹೆಸರು ಬರೆದಿದ್ದರೆ ಅಂಥ ಲಕೋಟೆಯನ್ನು ಬಿಡಲೇಬೇಡಿ. ಒಬ್ಬ ನಾವಿಕನ ಬೆನ್ನು ಹತ್ತಿ ಕಾಗದ ಎಲ್ಲೆಲ್ಲಿ ಅಲೆಯಿತು ಎಂಬುದು ಅದೇ ಗೀಟಿನಲ್ಲಿದೆ.